ಮಲಪ್ರಭೆಯ ದಂಡೆಯ ಮಿತವ್ಯಯ

ಸಹ್ಯಾದ್ರಿಯ ಕಣಕುಂಬಿಯಲ್ಲಿ ಉಗಮಿಸಿದ ಮಲಪ್ರಭೆಯು ಖಾನಾಪುರದ ಕಾಡುಗಳನ್ನು ದಾಟಿ, ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯನ್ನೂ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯನ್ನೂ ಮುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಬೆಟ್ಟವನ್ನು ಸೀಳಿಕೊಂಡು ರಾಮದುರ್ಗದತ್ತ ಹೊರಳುವಷ್ಟರಲ್ಲಿ, ಅದರ ಇಕ್ಕೆಲದ ನೆಲವು ಮಲೆನಾಡಿನ ಸೆರಗಿನಿಂದ ಅಪ್ಪಟ ಬಯಲುಸೀಮೆಯಾಗಿ ಮಾರ್ಪಟ್ಟಿರುತ್ತದೆ. ಕಿತ್ತೂರಿನ ಸುತ್ತ ಭತ್ತದ ಗದ್ದೆಯೂ ಹೆಂಚಿನ ಮನೆಯೂ ಸಹಜವಾಗಿದ್ದರೆ, ರಾಮದುರ್ಗದ ಕಡೆ ಹೋದಂತೆ ಮಳೆ ಕ್ಷೀಣಿಸಿ, ಎರೆಹೊಲ, ಮಾಳಿಗೆ ಮನೆ, ಜೋಳದ ರೊಟ್ಟಿಗಳ ನಾಡು ತೆರೆದುಕೊಳ್ಳುತ್ತದೆ. ಒಂದೇ ಹೊಳೆಯ ದಂಡೆಯಲ್ಲಿ ಇಷ್ಟು ಕಡಿಮೆ ಅಂತರದಲ್ಲಿ ಇಂತಹ ವ್ಯತ್ಯಾಸವನ್ನು ಕಂಡುಂಡ ಜನರಿಗೆ, ಬದುಕಿಗೊಂದು ಅಳತೆಯುಂಟೆಂಬುದನ್ನೂ ಆ ಅಳತೆಯನ್ನು ನಿರ್ಣಯಿಸುವವನು ಮನುಷ್ಯನಲ್ಲ, ಮಳೆಯೆಂಬುದನ್ನೂ ಯಾರೂ ಬೋಧಿಸಬೇಕಾಗಿರಲಿಲ್ಲ. ಮಿತವ್ಯಯದ ಜೀವನ, ಪರಿಸರಕ್ಕೆ ಭಾರವಾಗದ ಜೀವನ ಎಂದು ಈಗ ಎಲ್ಲೆಡೆ ಕೇಳಿಬರುತ್ತಿರುವ ವಿಚಾರವನ್ನು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಈ ಸೀಮೆಯಲ್ಲಿ ನಿಂತು ಪರಿಶೀಲಿಸಿದರೆ, ಅದು ಹೊಸ ವಸ್ತುಗಳನ್ನು ಕೊಂಡು ಸಾಧಿಸತಕ್ಕ ಸಿದ್ಧಿಯಲ್ಲವೆಂದೂ, ಕಡಿದುಹೋದ ಒಂದು ಸರಪಣಿಯನ್ನು ಮರಳಿ ಕೂಡಿಸುವ ಕೆಲಸವೆಂದೂ ನನಗೆ ತೋರುತ್ತದೆ.

ಆ ಸರಪಣಿ ಎಂತಹುದೆಂಬುದನ್ನು ತಿಳಿಯಲು ಹಿಂಗಾರಿ ಜೋಳವೊಂದನ್ನು ನೋಡಿದರೆ ಸಾಕು. ಮುಂಗಾರಿನ ಮಳೆಯನ್ನೆಲ್ಲ ಎರೆಮಣ್ಣು ಕುಡಿದು ತನ್ನ ಒಡಲಲ್ಲಿಟ್ಟುಕೊಂಡ ಮೇಲೆ, ಕೂರಿಗೆಯಿಂದ ಬಿತ್ತಿದ ಜೋಳವು ಮುಂದೆ ಮಳೆ ಬಾರದಿದ್ದರೂ ಆ ಹಸಿಯ ಮೇಲೆಯೇ, ಚಳಿಗಾಲದ ಇಬ್ಬನಿಯ ತಂಪಿನಲ್ಲಿ, ತೆನೆ ಕಟ್ಟುತ್ತದೆ. ಎರೆಹೊಲ ಬಿರುಕುಬಿಟ್ಟರೆ ಆ ಬಿರುಕಿನ ದಾರಿಯಿಂದ ಒಳಗಿನ ಹಸಿಯು ಆವಿಯಾಗಿ ಹೋಗುವುದೆಂದು ಅರಿತ ಒಕ್ಕಲಿಗನು, ಸಾಲಿನ ನಡುವೆ ಎಡೆಕುಂಟೆ ಹೊಡೆದು ಮೇಲ್ಪದರದ ಮಣ್ಣನ್ನು ಪುಡಿಮಾಡಿ ಬಿರುಕಿನ ಬಾಯಿಯನ್ನು ಮುಚ್ಚುತ್ತಿದ್ದನು. ನೀರನ್ನು ಉಳಿಸಲು ಇದಕ್ಕಿಂತ ಅಗ್ಗದ ಉಪಾಯವನ್ನು ನಾನು ಕೇಳಿಲ್ಲ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದ ಕೃಷಿಕ್ಷೇತ್ರದಲ್ಲಿ ದೇಶೀ ಮಾಲದಂಡಿಯಿಂದ ಆಯ್ದು ತೆಗೆದ ಎಂ 35-1 ಎಂಬ ತಳಿಯು, ಅನಂತರ ಎಷ್ಟೋ ಹೊಸ ತಳಿಗಳು ಬಂದರೂ, ಇಂದಿಗೂ ನಮ್ಮ ಹೊಲಗಳಲ್ಲಿ ಉಳಿದುಕೊಂಡಿರುವುದಕ್ಕೆ ಅದರ ಕಾಳಿನ ಹೊಳಪು, ರೊಟ್ಟಿಯ ಮಾರ್ದವಗಳು ಎಷ್ಟು ಕಾರಣವೋ, ಅದರ ದಂಟಿನ ಗುಣವೂ ಅಷ್ಟೇ ಕಾರಣ. ಏಕೆಂದರೆ ಇಲ್ಲಿ ಜೋಳವೆಂದರೆ ಕಾಳು ಮಾತ್ರವಲ್ಲ. ಕಾಳು ಮನುಷ್ಯನಿಗೆ; ಒಣಗಿದ ಕಣಕಿ ಬಣವೆಯಾಗಿ ಬೇಸಿಗೆಯುದ್ದಕ್ಕೂ ಎತ್ತು ಎಮ್ಮೆಗಳಿಗೆ; ದನದ ಸೆಗಣಿಯಲ್ಲಿ ಒಂದಷ್ಟು ಕುಳ್ಳಾಗಿ ಒಲೆಗೆ, ಉಳಿದದ್ದು ತಿಪ್ಪೆಗೆ; ಒಲೆಯ ಬೂದಿಯು ಪಾತ್ರೆ ಬೆಳಗುವುದಕ್ಕೆ ಮತ್ತು ಕಾಳಿನೊಡನೆ ಬೆರೆತು ಹುಳುವನ್ನು ತಡೆಯುವುದಕ್ಕೆ; ತಿಪ್ಪೆಯ ಗೊಬ್ಬರವು ಚಕ್ಕಡಿಯೇರಿ ಮರಳಿ ಅದೇ ಹೊಲಕ್ಕೆ. ಒಂದರ ಶೇಷವು ಇನ್ನೊಂದರ ಆರಂಭವಾಗಿದ್ದ ಈ ಕ್ರಮದಲ್ಲಿ, ಕಸವೆಂದು ಊರ ಹೊರಗೆ ಎಸೆಯಲು ಮಿಕ್ಕುತ್ತಿದ್ದುದಾದರೂ ಏನು?

ಬೆಳೆದುದನ್ನು ಕಾಪಾಡುವ ವಿದ್ಯೆಯಂತೂ ಬೆಳೆಯುವ ವಿದ್ಯೆಗಿಂತ ಸೂಕ್ಷ್ಮವಾದದ್ದು. ಹಳೆಯ ಮನೆಗಳ ಅಂಗಳದಲ್ಲಿಯೋ ಊರಿನ ಎತ್ತರದ ಗಟ್ಟಿ ನೆಲದಲ್ಲಿಯೋ ತೋಡಿದ ಹಗೇವುಗಳನ್ನು ಇಂದಿನ ಮಕ್ಕಳು ನೋಡಿರಲಾರರು. ಗಡಿಗೆಯ ಆಕಾರದಲ್ಲಿ ಒಳಗೆ ಅಗಲವಾಗಿ, ಮೇಲೆ ಒಬ್ಬನು ಇಳಿಯುವಷ್ಟೇ ಬಾಯಿಯಿಟ್ಟು ತೋಡಿದ ಆ ನೆಲಮಾಳಿಗೆಗೆ ತಳದಲ್ಲಿಯೂ ಬದಿಯಲ್ಲಿಯೂ ಹುಲ್ಲು ಹೊದಿಸಿ, ಜೋಳ ತುಂಬಿ, ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ, ಒಳಗಿನ ಕಾಳೂ ಅದರೊಡನೆ ಹೋದ ಹುಳುವೂ ಉಸಿರಾಡುತ್ತ ಉಸಿರಾಡುತ್ತ ಅಲ್ಲಿದ್ದ ಪ್ರಾಣವಾಯುವನ್ನು ತಾವೇ ಮುಗಿಸಿಬಿಡುತ್ತಿದ್ದವು. ಆಮೇಲೆ ಹುಳುವಿಗೆ ಬದುಕಲು ಗಾಳಿಯೇ ಇರುತ್ತಿರಲಿಲ್ಲ. ವಿಷದ ಗುಳಿಗೆಯಿಲ್ಲದೆ ಧಾನ್ಯವು ವರ್ಷಗಟ್ಟಲೆ ಉಳಿಯುತ್ತಿದ್ದ ರಹಸ್ಯವಿದು. ಹಗೇವು ತೆರೆದೊಡನೆ ಯಾರೂ ಇಳಿಯಕೂಡದೆಂದೂ, ದೀಪವನ್ನು ಇಳಿಬಿಟ್ಟು ಅದು ನಂದದಿದ್ದರೆ ಮಾತ್ರ ಇಳಿಯಬೇಕೆಂದೂ ಹಿರಿಯರು ವಿಧಿಸಿದ್ದ ಎಚ್ಚರಿಕೆಯು, ಆ ವಿಜ್ಞಾನವನ್ನು ಅವರು ಹೆಸರಿಲ್ಲದೆಯೂ ಬಲ್ಲವರಾಗಿದ್ದರೆಂಬುದಕ್ಕೆ ಸಾಕ್ಷಿ. ಬೈಲಹೊಂಗಲದ ಬಡಾವಣೆಯೊಂದರ ಎರಡು ಕೋಣೆಯ ಮನೆಯಲ್ಲಿ ಹಗೇವು ತೋಡುವುದು ಆಗದ ಮಾತು. ಆದರೆ ತತ್ತ್ವವು ಅದೇ ಆದುದರಿಂದ, ಚೆನ್ನಾಗಿ ಬಿಸಿಲಿಗೆ ಒಣಗಿಸಿದ ಜೋಳವನ್ನು ಗಾಳಿಯಾಡದಂತೆ ಮುಚ್ಚಳ ಬಿಗಿಯುವ ಪೀಪಾಯಿಯಲ್ಲಿ ಬಾಯಿತನಕ ತುಂಬಿಟ್ಟರೆ ಅಲ್ಲಿಯೂ ಕಾಳು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಅರ್ಧ ತುಂಬಿದ ಪೀಪಾಯಿಯಲ್ಲಿ ಮಾತ್ರ ಗಾಳಿ ಮಿಕ್ಕು ಹುಳು ಬೀಳುವುದು. ತೆಗೆದು ಬಳಸುವುದಕ್ಕೆ ಒಂದು ಚಿಕ್ಕ ಡಬ್ಬಿ, ಕೂಡಿಡುವುದಕ್ಕೆ ಒಂದು ದೊಡ್ಡ ಪೀಪಾಯಿ ಎಂದು ಬೇರೆಬೇರೆಯಾಗಿಡುವುದು ಈ ಕಾರಣಕ್ಕಾಗಿಯೇ. ಮಾಘ ಫಾಲ್ಗುಣದಲ್ಲಿ ಹೊಸ ಜೋಳ ಪೇಟೆಗೆ ಬಂದಾಗ ವರ್ಷದ ಕಾಳನ್ನು ಒಮ್ಮೆಗೇ ಕೊಂಡಿಡುವ ಸಂಸಾರಕ್ಕೆ, ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಚೀಲದ ಹಿಟ್ಟು ತರುವ ಸಂಸಾರಕ್ಕಿಂತ ಹಣವೂ ಉಳಿಯುತ್ತದೆ, ಹಿಟ್ಟಿನ ರುಚಿಯೂ ಉಳಿಯುತ್ತದೆ.

ಇನ್ನು ಅರಿವೆಯ ಮಾತು. ಈ ಸೀಮೆಯು ಹತ್ತಿಯ ಸೀಮೆ. ಬೈಲಹೊಂಗಲದ ಪೇಟೆ ಹತ್ತಿಯಿಂದಲೇ ಹೆಸರಾದದ್ದು. ರಾಮದುರ್ಗ, ಸುರೇಬಾನಗಳ ನೇಕಾರರ ಮಗ್ಗಗಳು ತಲೆಮಾರುಗಳಿಂದ ನೂಲನ್ನು ಬಟ್ಟೆಯಾಗಿಸುತ್ತ ಬಂದಿವೆ. ಹೊಲದಿಂದ ಮಗ್ಗದವರೆಗಿನ ಶ್ರಮವನ್ನು ಕಣ್ಣಾರೆ ಕಂಡ ಊರಿನಲ್ಲಿ ಬಟ್ಟೆಗೆ ಒಂದಲ್ಲ, ಐದಾರು ಆಯುಷ್ಯಗಳಿದ್ದವು. ಹಬ್ಬಕ್ಕೆ ಉಟ್ಟ ಸೀರೆಯು ಕೆಲ ವರ್ಷಗಳಲ್ಲಿ ದಿನವಹಿಯ ಸೀರೆಯಾಗಿ, ಅದು ಮೆತ್ತಗಾದ ಮೇಲೆ ಕೂಸಿನ ಕುಂಚಿಗೆಯೂ ತೊಟ್ಟಿಲ ಹಾಸಿಗೆಯೂ ಆಗಿ, ಕಡೆಗೆ ಧೋತರ, ಅಂಗಿ, ಕುಪ್ಪಸಗಳ ತುಣುಕುಗಳೊಡನೆ ಕೌದಿಯೊಳಗೆ ಸೇರುತ್ತಿತ್ತು. ಕೌದಿಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಅರಿಯದ ಕಿರಿಯರಿಗಾಗಿ ಹೇಳುವುದಾದರೆ, ಹಳೆಯ ನೂಲಿನ ಬಟ್ಟೆಗಳನ್ನು ಪದರಪದರವಾಗಿ ಹರವಿ, ಮೇಲೆ ಬಣ್ಣಬಣ್ಣದ ಚೌಕಗಳನ್ನು ಹೊಂದಿಸಿ, ದಟ್ಟವಾದ ಎಳೆಹೊಲಿಗೆಯಿಂದ ಎಲ್ಲವನ್ನೂ ಒಂದು ಮಾಡಿದ ಹೊದಿಕೆಯದು. ಪದರಗಳ ನಡುವೆ ನಿಲ್ಲುವ ಗಾಳಿಯೇ ಚಳಿಗೆ ಅಡ್ಡಿಯಾಗುತ್ತದೆ. ಬೇಸಿಗೆಯಲ್ಲಿ ಅದೇ ನೂಲು ಬೆವರನ್ನು ಹೀರುತ್ತದೆ. “ಅರಿವಿ ಒಗೀಬ್ಯಾಡ್ರೆವ್ವಾ, ಕೌದಿಗೆ ಬರ್ತೈತಿ” ಎಂಬ ಮಾತನ್ನು ಈ ಭಾಗದ ಯಾವ ಮನೆಯಲ್ಲಿ ಬೆಳೆದವರು ಕೇಳಿಲ್ಲ? ಪಾಲಿಯೆಸ್ಟರಿನ ಸೀರೆಗೆ ಮಾತ್ರ ಈ ಪುನರ್ಜನ್ಮಗಳಿಲ್ಲ. ಅದು ಬೆವರನ್ನು ಹೀರದು, ಒರೆಸುವ ಬಟ್ಟೆಯಾಗದು, ಮಣ್ಣಿಗೆ ಹಾಕಿದರೆ ಕರಗದು. ಒಂದು ನೂಲಿನ ಅಂಗಿಗೆ ಬೇಕಾಗುವ ಹತ್ತಿಯನ್ನು ಬೆಳೆದು ಬಟ್ಟೆ ಮಾಡುವುದಕ್ಕೆ ಸುಮಾರು 2,700 ಲೀಟರ್ ನೀರು ತಗಲುವುದೆಂದು ಜಗತ್ತಿನ ಅಂದಾಜು ಇರುವಾಗ, ನೂಲಿನ ಬಟ್ಟೆಯೂ ಅಗ್ಗವಾದದ್ದಲ್ಲ. ಆದುದರಿಂದ ಕಡಿಮೆ ಕೊಳ್ಳುವುದು, ಕೊಂಡದ್ದನ್ನು ಕಡೆಯ ಎಳೆಯವರೆಗೆ ಬಳಸುವುದು, ಸಾಧ್ಯವಾದಾಗ ರಾಮದುರ್ಗದ ಮಗ್ಗದಲ್ಲಿ ನೇಯ್ದುದನ್ನೇ ಕೊಳ್ಳುವುದು, ಈ ಮೂರೂ ಕೂಡಿದರೆ ಮಾತ್ರ ಅದು ಮಿತವ್ಯಯವೆನಿಸೀತು.

ಇಂತಹ ಸರಪಣಿ ಕಡಿದದ್ದು ಹೇಗೆ? ಜನರ ದುರಾಸೆಯೇ ಕಾರಣವೆಂದು ಸುಲಭವಾಗಿ ತೀರ್ಮಾನಿಸುವವರೊಡನೆ ನನಗೆ ಸಮ್ಮತಿಯಿಲ್ಲ. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಬಳಿ ಅಣೆಕಟ್ಟು ಸಿದ್ಧವಾಗಿ, 37.73 ಟಿಎಂಸಿ ಸಾಮರ್ಥ್ಯದ ರೇಣುಕಾಸಾಗರದಿಂದ ಕಾಲುವೆಗಳು ಹರಿಯತೊಡಗಿದ ಕಾಲಕ್ಕೇ, 1972ರಲ್ಲಿ, ಧಾರವಾಡದಲ್ಲಿ ಬಿ.ಎಚ್. ಕತರಕಿಯವರು ಸಿದ್ಧಪಡಿಸಿದ ವರಲಕ್ಷ್ಮಿ ಎಂಬ ಸಂಕರಹತ್ತಿಯೂ ಬಂದಿತು. ಉದ್ದ ಎಳೆಯ ಆ ಹತ್ತಿಯು ಮೊದಲ ವರ್ಷಗಳಲ್ಲಿ ರೈತನ ಕೈಗೆ ಹಿಂದೆಂದೂ ಕಾಣದಷ್ಟು ಹಣವನ್ನು ತಂದುದು ನಿಜ. ಆದರೆ ಅದರ ಬೀಜವನ್ನು ಮನೆಯಲ್ಲಿ ಕಟ್ಟಿಡುವಂತಿರಲಿಲ್ಲ, ಪ್ರತಿವರ್ಷ ಕೊಳ್ಳಬೇಕಾಗಿತ್ತು, ಗೊಬ್ಬರವನ್ನೂ ಔಷಧಿಯನ್ನೂ ಬೀಜದೊಡನೆಯೇ ಸಾಲವಾಗಿ ತರಬೇಕಾಗಿತ್ತು. ದಶಕದ ಕೊನೆಗೆ ಹತ್ತಿಯ ಬೆಲೆ ಇಳಿದಾಗ, ಜೋಳದ ಹಗೇವು ಬರಿದಾಗಿ, ಸಾಲದ ಕಾಗದ ಮಾತ್ರ ಉಳಿದ ಸಂಸಾರಗಳ ಕಷ್ಟವು ನೀರಿನ ತೆರಿಗೆ, ಅಭಿವೃದ್ಧಿ ಕರಗಳ ಭಾರದೊಡನೆ ಸೇರಿ, 1980ರ ಜುಲೈಯಲ್ಲಿ ನರಗುಂದ ನವಲಗುಂದಗಳ ರೈತ ಬಂಡಾಯವಾಗಿ ಸಿಡಿಯಿತು. ಅನಂತರ ಬಂದದ್ದು ಕಬ್ಬು. ಎಂ.ಕೆ. ಹುಬ್ಬಳ್ಳಿ, ಮುನವಳ್ಳಿಗಳ ಸಕ್ಕರೆ ಕಾರ್ಖಾನೆಗಳು ನಿಶ್ಚಿತವಾಗಿ ಕೊಳ್ಳುವ ಬೆಳೆಯನ್ನು ರೈತನು ಆರಿಸಿಕೊಂಡದ್ದು ತಪ್ಪೆಂದು ಹೇಳುವ ಅಧಿಕಾರ ಯಾರಿಗಿದೆ? ಆದರೂ ಲೆಕ್ಕವನ್ನು ಮರೆಯಲಾಗದು: ಕಬ್ಬಿಗೆ ಅದರ ಅವಧಿಯಲ್ಲಿ 1,500ರಿಂದ 2,500 ಮಿಲಿಮೀಟರ್ ನೀರು ಬೇಕು, ಜೋಳಕ್ಕೆ 450ರಿಂದ 650 ಸಾಕು. ಅಣೆಕಟ್ಟು ಕಟ್ಟಿದ ಮೇಲಿನ ಅನೇಕ ವರ್ಷಗಳಲ್ಲಿ ರೇಣುಕಾಸಾಗರವು ತುಂಬಲೇ ಇಲ್ಲ. 2019ರ ಆಗಸ್ಟಿನಲ್ಲಿಯಾದರೋ ಅದೇ ಮಲಪ್ರಭೆ ಉಕ್ಕಿ ರಾಮದುರ್ಗ ಸವದತ್ತಿಗಳ ದಂಡೆಯ ಊರುಗಳನ್ನು ಮುಳುಗಿಸಿತು. ಬರವೂ ಪ್ರವಾಹವೂ ಒಂದೇ ಹೊಳೆಯಲ್ಲಿ ಬರುವ ನಾಡು ಇದು.

ಇಷ್ಟು ಹೇಳಿ ಹಳೆಯದೆಲ್ಲವೂ ಪುನೀತವೆಂದು ಸಾರುವುದು ಅಪ್ರಾಮಾಣಿಕವಾದೀತು. ಆ ಮಿತವ್ಯಯದ ಹಿಂದೆ 1876ರಿಂದ 78ರವರೆಗಿನ ಮಹಾಕ್ಷಾಮದಂತಹ ಬರಗಳ ಭಯವಿತ್ತು. ಸ್ವಇಚ್ಛೆಯ ಮಿತವ್ಯಯಕ್ಕೂ ಇಲ್ಲದವರ ಅನಿವಾರ್ಯಕ್ಕೂ ನಡುವೆ ಅಂತರವಿದೆ, ಮತ್ತು ಉಳ್ಳವರು ಇಲ್ಲದವರಿಗೆ ಮಿತವ್ಯಯವನ್ನು ಬೋಧಿಸುವುದು ಎಂದಿಗೂ ಸಲ್ಲದು. ಕಡಿಮೆ ನೀರಿನಲ್ಲಿ ಮನೆ ನಡೆಯುತ್ತಿದ್ದುದು ಹೆಂಗಸರು ಹೊತ್ತ ಕೊಡಗಳಿಂದ; ಕುಳ್ಳಿನ ಒಲೆ ಉರಿಯುತ್ತಿದ್ದುದು ಅವರ ಕಣ್ಣು ಎದೆಗಳನ್ನು ಸುಟ್ಟುಕೊಂಡು. ಊರಿನ ಕೆಲವರು ಮತ್ತೊಬ್ಬರ ಹಳೆಯ ಅರಿವೆಯನ್ನು, ತಂಗಳನ್ನು ಕೈಯೊಡ್ಡಿ ಪಡೆಯಬೇಕಾಗಿದ್ದ ಅವಮಾನವೂ ಆ ವ್ಯವಸ್ಥೆಯ ಭಾಗವೇ ಆಗಿತ್ತು. ಮರಳಿ ತರಬೇಕಾದುದು ಆ ಸರಪಣಿಯನ್ನು, ಅದರ ಸಂಕೋಲೆಯನ್ನಲ್ಲ. ಗ್ಯಾಸಿನ ಒಲೆಯನ್ನು ಬಿಟ್ಟು ಹೊಗೆಯ ಒಲೆಗೆ ಹೋಗಿರೆಂದು ಹೇಳುವ ಯಾವ ಪರಿಸರವಾದಿಯ ಮಾತನ್ನೂ ನಮ್ಮ ಅಕ್ಕತಂಗಿಯರು ಕೇಳಬೇಕಾಗಿಲ್ಲ.

ಆಯ್ದು ನಡೆಯುವ ಈ ವಿವೇಕಕ್ಕೆ ಈ ನೆಲದಲ್ಲಿ ಹಿರಿಯ ಪರಂಪರೆಯೊಂದುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯಾದ ಮೇಲೆ ಶರಣರು ಉಳವಿಯತ್ತ ನಡೆದದ್ದು ಈ ಮಾರ್ಗವಾಗಿ. ಕಿತ್ತೂರಿನ ಬಳಿಯ ಕಾದರವಳ್ಳಿಯಲ್ಲಿ ಅವರು ಕಾದಿದ ನೆನಪು ಇನ್ನೂ ಇದೆ. ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವು ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿದೆ. ಆ ಶರಣಗಣದವಳಾದ ಆಯ್ದಕ್ಕಿ ಲಕ್ಕಮ್ಮನು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಗಂಡ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಅದು ನಮಗೆ ಸಲ್ಲದೆಂದು ಮರಳಿ ಚೆಲ್ಲಿಬರುವಂತೆ ಹೇಳಿದ ಪ್ರಸಂಗವನ್ನು ಬಲ್ಲೆವಷ್ಟೆ. ಲಕ್ಕಮ್ಮನದು ಕೂಡಿಡುವವರ ಮಿತವ್ಯಯವಲ್ಲ. ನಾಳೆಯ ಹಸಿವಿನ ಅಂಜಿಕೆಯಿಂದ ಇಂದು ಹೆಚ್ಚು ಎತ್ತಿಕೊಂಡರೆ ಅದು ಮತ್ತೊಬ್ಬರ ಪಾಲೆಂಬ ಧೈರ್ಯದ ತಿಳಿವು. ಸುಮಾರು ಎಂಟು ಶತಮಾನಗಳ ಬಳಿಕ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಬಂದ ಗಾಂಧೀಜಿಯವರು ಬಡವನೂ ಪ್ರತಿನಿಧಿಯಾಗಬಲ್ಲಂತೆ ಪ್ರತಿನಿಧಿಗಳ ಶುಲ್ಕವನ್ನು ಹತ್ತು ರೂಪಾಯಿಗಳಿಂದ ಒಂದಕ್ಕಿಳಿಸುವಂತೆ ಮಾಡಿದರು. 1937ರ ಏಪ್ರಿಲಿನಲ್ಲಿ ಬೈಲಹೊಂಗಲಕ್ಕೆ ದೂರವಲ್ಲದ ಹುದಲಿಯಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಬಂದು ಸುಮಾರು ಒಂದು ವಾರ ತಂಗಿದರು. ಖಾದಿಯ ಭಗೀರಥರೆನಿಸಿದ ಗಂಗಾಧರರಾವ ದೇಶಪಾಂಡೆಯವರು ಅಲ್ಲಿ ಬಿತ್ತಿದ ನೂಲುವ ನೇಯುವ ಕೆಲಸ ಹುದಲಿಯಲ್ಲಿ ಇನ್ನೂ ನಡೆದಿದೆ.

ಈಗ ಇಂದಿನ ಮನೆಗೆ ಬರೋಣ. ಮಿತವಾಗಿ ಬದುಕಬೇಕೆಂದು ಮನಸ್ಸು ಮಾಡಿದವನಿಗೆ ಮೊದಲು ಎದುರಾಗುವುದು ಅಂಗಡಿಯೇ. ಬಿದಿರಿನ ಬ್ರಷ್ಷು, ಗಾಜಿನ ಡಬ್ಬಿಗಳ ಸಾಲು, ಪರಿಸರದ ಹೆಸರು ಹೊತ್ತ ಚೀಲ ಎಂದು ಕೊಳ್ಳುತ್ತ ಹೋದರೆ ಮನೆ ತುಂಬೀತು, ಸಾಧಿಸಬೇಕಾದುದು ಉಳಿದೇಬಿಟ್ಟೀತು. ಅಟ್ಟದ ಮೇಲಿನ ಹಿತ್ತಾಳೆಯ ಡಬ್ಬಿಯನ್ನು ಇಳಿಸಿ ತೊಳೆಯುವುದು, ಹಳೆಯ ಸೀರೆಯಿಂದ ಸಂತೆಯ ಚೀಲ ಹೊಲಿಸುವುದು ಇದಕ್ಕಿಂತ ಉತ್ತಮ. ಕರ್ನಾಟಕವು ಪ್ಲಾಸ್ಟಿಕ್ ಕೈಚೀಲಗಳನ್ನು 2016ರ ಮಾರ್ಚಿನಲ್ಲಿಯೇ ನಿಷೇಧಿಸಿದ್ದರೂ ಸಂತೆಯ ದಿನ ಚೀಲ ಕೇಳುವವರು ನಾವೇ ಆದುದರಿಂದ ಕೊಡುವವರೂ ಇದ್ದೇ ಇದ್ದಾರೆ.

ವ್ಯಯ ಯಾವುದರಲ್ಲಿ ಹೆಚ್ಚೆಂಬುದನ್ನು ಅಳೆದು ನೋಡದೆ ಸಣ್ಣಪುಟ್ಟದರಲ್ಲಿ ಜಿಪುಣತನ ಮಾಡುವುದು ವ್ಯರ್ಥಶ್ರಮ. ಹಳೆಯ ಬಗೆಯ ಫ್ಯಾನು 75 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ, ಹೊಸ ಬಗೆಯ ಮೋಟರಿನದು ಸುಮಾರು 30. ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ ಮೊದಲನೆಯದಕ್ಕೆ 22.5 ಯೂನಿಟ್, ಎರಡನೆಯದಕ್ಕೆ 9. ದೀಪವಾರಿಸುವ ಎಷ್ಟೋ ದಿನಗಳ ಎಚ್ಚರಕ್ಕಿಂತ ಈ ಒಂದು ಬದಲಾವಣೆ ದೊಡ್ಡದು. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಅಲ್ಪ ಹೆಚ್ಚಳದವರೆಗೆ, 200 ಯೂನಿಟ್ಟುಗಳ ಮಿತಿಯೊಳಗೆ, ಬಿಲ್ಲು ಬಾರದೆಂಬುದು ನಿಜ. ಬಿಲ್ಲಿಲ್ಲದ ವಿದ್ಯುತ್ತಿಗೂ ಎಲ್ಲಿಯೋ ಕಲ್ಲಿದ್ದಲು ಉರಿದಿರುತ್ತದೆಂಬುದನ್ನು ಮರೆಯದಿದ್ದರೆ ಸಾಕು. ಅಡುಗೆಯಲ್ಲಿ ಬೇಳೆಕಾಳುಗಳನ್ನು ರಾತ್ರಿ ನೆನೆಯಿಟ್ಟು ಕುಕ್ಕರಿನಲ್ಲಿ ಬೇಯಿಸುವುದು, ಪಾತ್ರೆಗೆ ಮುಚ್ಚಳವಿಡುವುದು, ಇವು ಎಲ್ಲರೂ ಬಲ್ಲ ಸಂಗತಿಗಳು. ಅಷ್ಟಾಗಿ ಗಮನಕ್ಕೆ ಬಾರದ್ದು ಕಡಕ್ ರೊಟ್ಟಿ. ಹೆಂಚು ಒಮ್ಮೆ ಕಾದ ಮೇಲೆ ಒಂದೇ ಸಲಕ್ಕೆ ಹತ್ತಾರು ದಿನಗಳ ರೊಟ್ಟಿ ಬಡಿದು ಒಣಗಿಸಿಟ್ಟರೆ, ದಿನವೂ ಹೆಂಚು ಕಾಯಿಸುವ ಉರಿಯು ಉಳಿಯುತ್ತದೆ. ಶೇಂಗಾ ಚಟ್ನಿ, ಗುರೆಳ್ಳಿನ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಒಲೆ ಹಚ್ಚದೆಯೇ ಒಂದು ಹೊತ್ತಿನ ಪುಷ್ಟಿಯಾದ ಊಟ. ಮನೆಯಲ್ಲಿ ಬಡಿಯಲು ಪುರುಸೊತ್ತಿಲ್ಲದವರು ರೊಟ್ಟಿ ಬಡಿದು ಮಾರುವ ಊರಿನ ಹೆಣ್ಣುಮಕ್ಕಳಿಂದ ಕೊಳ್ಳಲಿ. ಉರಿಯೂ ಉಳಿಯುತ್ತದೆ, ಒಬ್ಬಳ ಸಂಸಾರವೂ ನಡೆಯುತ್ತದೆ.

ನೀರಿನ ವಿಷಯದಲ್ಲಂತೂ ನಮ್ಮ ಉದಾಸೀನವು ನನ್ನನ್ನು ವ್ಯಥೆಗೊಳಿಸುತ್ತದೆ. ರಾಮದುರ್ಗದಂತಹ ಕಡಿಮೆ ಮಳೆಯ ಊರಿನಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಮಾತ್ರ ಬಿತ್ತೆಂದು ಇಟ್ಟುಕೊಂಡರೂ, ಸಾವಿರ ಚದರಡಿಯ ಮಾಳಿಗೆಯ ಮೇಲೆ 46 ಸಾವಿರ ಲೀಟರಿಗೂ ಮಿಕ್ಕಿ ನೀರು ಬಿದ್ದಂತಾಯಿತು. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 37 ಸಾವಿರ ಲೀಟರ್ ಕೈಗೆ ಬರಬೇಕು. ಅಷ್ಟನ್ನೂ ಕೂಡಿಡಲು ತೊಟ್ಟಿಯಿಲ್ಲದವರು ಹತ್ತು ಸಾವಿರ ಲೀಟರಿನದೊಂದನ್ನು ಕಟ್ಟಿಸಿದರೂ, ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 50 ಲೀಟರಿನಂತೆ ಇನ್ನೂರು ದಿನಗಳ ನೀರು. ಮೊದಲ ಮಳೆಯ ನೀರನ್ನು ಹರಿಯಬಿಟ್ಟು ಮಾಳಿಗೆ ತೊಳೆದ ಮೇಲೆ ಹಿಡಿಯುವುದು, ಮರಳು ಇದ್ದಿಲುಗಳ ಮೂಲಕ ಸೋಸುವುದು, ತೊಟ್ಟಿಗೆ ಬೆಳಕು ಬೀಳದಂತೆ ಮುಚ್ಚುವುದು, ಕುಡಿಯುವ ಮುನ್ನ ಕಾಯಿಸುವುದು: ವಿಧಾನವೆಂದರೆ ಇಷ್ಟೇ. ಬಚ್ಚಲಿನ ನೀರನ್ನು ಹಿತ್ತಲಿನ ಬಾಳೆ, ತೆಂಗು, ನುಗ್ಗೆಗಳಿಗೆ ತಿರುಗಿಸುವ ಪದ್ಧತಿಯನ್ನು ನಮ್ಮ ಹಿರಿಯರಿಂದ ಕಲಿತಿದ್ದೆವು. ಸಿಮೆಂಟಿನ ಅಂಗಳ ಹಾಕಿಸಿದ ಮೇಲೆ ಮರೆತೆವು.

ಊರಿನ ಹೊರಗೆ, ಹೊಲದಲ್ಲಿ ಮನೆ ಮಾಡಿಕೊಂಡವರಿಗೆ ಇನ್ನೂ ಹೆಚ್ಚು ಸಾಧ್ಯ. ಎರಡು ಘನಮೀಟರಿನ ಗೋಬರ್ ಗ್ಯಾಸಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ, ಅಂದರೆ ನಾಲ್ಕೈದು ದನಗಳದ್ದು, ಸಾಕು. ಹೊಗೆಯಿಲ್ಲದ ಉರಿಯೂ ಸಿಕ್ಕಿತು, ಹೊರಬೀಳುವ ರಾಡಿ ಹೊಲಕ್ಕೆ ಗೊಬ್ಬರವೂ ಆಯಿತು. ನಾನು ಮೇಲೆ ಹೇಳಿದ ಸರಪಣಿಯು ಹೆಂಗಸರ ಕಣ್ಣನ್ನು ಸುಡದೆ ಕೂಡಿಕೊಳ್ಳುವ ದಾರಿಯಿದು. ಕಬ್ಬು ಬೆಳೆಯುವವರು ಕಟಾವಿನ ಮೇಲೆ ಉಳಿದ ಒಣಗರಿಯ ರವದಿಗೆ ಬೆಂಕಿಯಿಡದೆ ಸಾಲಿನಲ್ಲಿ ಹಾಸಿದರೆ ಹಸಿಯೂ ನಿಲ್ಲುತ್ತದೆ, ಮಣ್ಣೂ ತಣಿಯುತ್ತದೆ.

ಒಬ್ಬೊಬ್ಬರ ಮನೆಯಲ್ಲಿ ಇಷ್ಟೆಲ್ಲ ನಡೆದರೂ, ಸಂಭ್ರಮದ ಒಂದೇ ದಿನದಲ್ಲಿ ಅದು ಅಳಿಸಿಹೋಗುವುದನ್ನು ನಾವು ಕಾಣುತ್ತೇವೆ. ವರ್ಷವಿಡೀ ಕಾಳು ಕಾಳು ಲೆಕ್ಕವಿಟ್ಟ ಸಂಸಾರವು ಮಗಳ ಮದುವೆಯಲ್ಲಿ ಹೊಲವನ್ನೇ ಒತ್ತೆಯಿಡುತ್ತದೆ. ಈ ಭಾಗದ ಮಠಗಳು ನಡೆಸಿಕೊಂಡು ಬಂದ ಸಾಮೂಹಿಕ ವಿವಾಹಗಳು ಬಡವರಿಗೆ ಮಾತ್ರವೆಂಬ ಭಾವನೆ ತೊಲಗಿ, ಉಳ್ಳವರೂ ತಮ್ಮ ಮಕ್ಕಳನ್ನು ಆ ಹಸೆಮಣೆಯ ಮೇಲೆ ಕೂಡಿಸುವಂತಾದರೆ ಅದರಷ್ಟು ಹಿರಿದಾದ ಉಳಿತಾಯ ಬೇರೊಂದಿಲ್ಲ. ಹಿಂದಿನ ಮದುವೆಗಳಲ್ಲಿ ಮುತ್ತಲ ಎಲೆಯ ಪತ್ರಾವಳಿಯಲ್ಲಿ ಉಂಡವರು ದನಕ್ಕೂ ತಿಪ್ಪೆಗೂ ಆಗುವ ಎಲೆಯನ್ನು ಬಿಟ್ಟೇಳುತ್ತಿದ್ದರು. ಈಗಿನ ತಟ್ಟೆಯೂ ನೀರಿನ ಬಾಟಲಿಯೂ ಹಾಗಲ್ಲ.

ಸವದತ್ತಿಯ ಗುಡ್ಡಕ್ಕೆ ಬರುವ ಭಕ್ತರಲ್ಲಿ ನನ್ನದೊಂದು ಬಿನ್ನಹ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಎಲ್ಲಮ್ಮನ ದರ್ಶನಕ್ಕೆಂದು ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ ನಮ್ಮ ಹಿರಿಯರು ಬುತ್ತಿಯ ಗಂಟು, ತಂಬಿಗೆ, ತಾಟುಗಳನ್ನು ಮನೆಯಿಂದಲೇ ತಂದು, ದೇವಿಗೆ ನೈವೇದ್ಯದ ಪಡ್ಡಲಗಿ ತುಂಬಿ, ಉಂಡು, ತೊಳೆದುಕೊಂಡು ಮರಳುತ್ತಿದ್ದರು. ಗುಡ್ಡದಲ್ಲಿ ಅವರು ಬಿಟ್ಟುಹೋಗುತ್ತಿದ್ದುದು ಭಂಡಾರ ಮತ್ತು ಬೂದಿ. ಇಂದು ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಕಾರಿನಲ್ಲಿ ಬರುವವರಿಗೂ ಒಂದು ತಾಟು, ಒಂದು ತಂಬಿಗೆ, ಒಂದು ಅರಿವೆಯ ಚೀಲ ಭಾರವಾಗುವುದಿಲ್ಲ. ಗುಡ್ಡದಲ್ಲಿ ಬಿಟ್ಟ ಪ್ಲಾಸ್ಟಿಕ್ ಮಳೆಗಾಲದಲ್ಲಿ ಹಳ್ಳ ಹಿಡಿದು ಮಲಪ್ರಭೆಯನ್ನು ಸೇರುತ್ತದೆ, ಮತ್ತು ರಾಮದುರ್ಗದವರು ಕುಡಿಯುವುದು ಆ ನೀರನ್ನೇ. ಬರುವ ಹುಣ್ಣಿಮೆಗೆ ದಯಮಾಡಿ ನಿಮ್ಮ ತಾಟನ್ನು ನೀವೇ ತನ್ನಿ.